ಹದಿನಾಲ್ಕನೇ ನಂಬರಿನ ಜಿಂಕೆ

ಟ್ಯಾಮರಾಕ್ ಹೊಳೆ ಬಿಲ್ಲುಗಾರರ ಸಂಘದ ನಿಯಮಾವಳಿಯ ಪ್ರಕಾರ ಲೋಕದಲ್ಲಿ ಚಕ್ರದ ಬಿಲ್ಲುಗಳು, ಅಂದರೆ ಎರಡು ತುದಿಗೂ ಪುಟ್ಟ ಗಾಲಿ ಕೂರಿಸಿದವು, ಎರಡೇ ಬಗೆ: ಗುರಿಯ ಬಿಲ್ಲು ಮತ್ತು ಬೇಟೆಯ ಬಿಲ್ಲು. ಮೂರನೆಯದನ್ನು ಹಿಡಿದು ಬಂದವರನ್ನು ಗೇಟಿನಲ್ಲೇ ತಡೆಯತಕ್ಕದ್ದು. ಇದುವರೆಗೆ ಯಾರೂ ಬಂದಿಲ್ಲ. ನಿಯಮ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ.

ಗುರಿಯ ಬಿಲ್ಲು ಉದ್ದ, ಭಾರ, ದೂರಕ್ಕೇ ಕಾಣುವ ಕೆಂಪು. ಕೈ ಅಲ್ಲಾಡದಿರಲಿ ಅಂತ ಮುಂದಕ್ಕೊಂದು ಕೋಲು ಚಾಚಿಕೊಂಡಿರುತ್ತದೆ. ಅದನ್ನು ಹಿಡಿದು ಬಾಗಿಲು ದಾಟುವಾಗ ಒಳಗಿದ್ದವರು ಬಗ್ಗಬೇಕು. ಬೇಟೆಯ ಬಿಲ್ಲು ಗಿಡ್ಡ, ಹಗುರ, ಮರದ ಅಟ್ಟಣೆಯ ಮೇಲೂ ಎಳೆಯಬಹುದು. ಮೈಯೆಲ್ಲ ಎಲೆ ತೊಗಟೆಯ ಬಣ್ಣ, ಜಿಂಕೆಗೆ ಕಾಣಬಾರದೆಂದು. ಎಲ್ಲಾದರೂ ಇಟ್ಟು ಮರೆತರೆ ಮಾಲೀಕನಿಗೂ ಕಾಣುವುದಿಲ್ಲ.

ಇವೆರಡರಲ್ಲಿ ಯಾವುದು ಮೇಲು ಎಂದು ಹೋಲಿಸಿ ನೋಡಲು ಒಂದು ಉಪಸಮಿತಿ ಇದೆ. ಮೂರು ವರ್ಷ ಹೋಲಿಸಿ ಅದು ಕೊಟ್ಟ ವರದಿಯ ಸಾರ: ಎರಡೂ ಚೆನ್ನಾಗಿವೆ, ಸಂಘದ ಖರ್ಚಿನಲ್ಲಿ ಇನ್ನಷ್ಟು ಕೊಂಡು ನೋಡತಕ್ಕದ್ದು. ಹಾಗೆ ಕೊಂಡ ಹನ್ನೊಂದು ಬಿಲ್ಲುಗಳು ಅಧ್ಯಕ್ಷ ವಿಲ್ಬರ್ ಟ್ರೆಂಬತ್ ಅವರ ಮನೆಯಲ್ಲಿ ಹೋಲಿಕೆಯಾಗುತ್ತಾ ಗೋಡೆಗೆ ತೂಗುತ್ತಿವೆ.

ವರದಿಯ ಜೊತೆ ಒಂದು ಆಜ್ಞೆಯೂ ಬಂತು. ಸಂಘದ ಕಾಡಿನಲ್ಲಿ ಗುರಿಯ ಬಿಲ್ಲಿನಿಂದ ಗುರಿಗೆ ಮಾತ್ರ, ಬೇಟೆಯ ಬಿಲ್ಲಿನಿಂದ ಪ್ರಾಣಿಗೆ ಮಾತ್ರ ಹೊಡೆಯತಕ್ಕದ್ದು.

ಇದರಿಂದ ತೊಂದರೆಯಾದದ್ದು ಸಂಘದ ಸದಸ್ಯೆ ಲೆಂಪಿ ಹಕಾಲ ಒಬ್ಬಳಿಗೇ. ಹಳೇ ಬೇಟೆಯ ಬಿಲ್ಲು ಸೀಳಿಹೋಗಿ ಅವಳ ಬಳಿ ಉಳಿದಿದ್ದು ಕೆಂಪು ಬಿಲ್ಲು ಮಾತ್ರ. ಹೋದ ವರ್ಷ ಜಿಂಕೆ ಸಿಗದೆ ಚಳಿಗಾಲವೆಲ್ಲ ರುಟಬೇಗ ಗೆಡ್ಡೆಯ ಸಾರು ಕುಡಿದಿದ್ದಳು. ಈ ವರ್ಷದ ಬೇಟೆಯ ಪರವಾನಗಿ ಜೇಬಿನಲ್ಲಿತ್ತು. ನವೆಂಬರ್ ಹದಿನೈದಕ್ಕೆ ಬಂದೂಕು ಬೇಟೆಯ ಕಾಲ ಶುರುವಾಗಿ, ಬಂದೂಕಿನವರು ಬಂದು ಕಾಡು ಗದ್ದಲವಾಗುವುದರೊಳಗೆ ಅವಳಿಗೊಂದು ಜಿಂಕೆ ಬೇಕಿತ್ತು.

"ವಿಲ್ಬರ್, ಬಾಣ ತಗಲಿದಾಗ ಜಿಂಕೆ ಬಿಲ್ಲಿನ ಬಣ್ಣ ಕೇಳುತ್ತೇನೋ?" ಅಂದಳು.

"ಜಿಂಕೆ ಕೇಳಲ್ಲ ಲೆಂಪಿ. ಸಮಿತಿ ಕೇಳುತ್ತೆ."

"ಹಂಗಾದ್ರೆ ಆ ಹನ್ನೊಂದರಲ್ಲಿ ಒಂದು ಕೊಡು."

"ಕೊಡಬಹುದಿತ್ತು. ಇನ್ನೂ ಹೋಲಿಸ್ತಾ ಇದೀವಲ್ಲ."

ಹಾಗಾಗಿ ನವೆಂಬರ್ ಹನ್ನೆರಡರಂದು ಲೆಂಪಿ ಗುರಿಯ ಅಭ್ಯಾಸಕ್ಕೇ ಬಂದಳು. ಕಾಡುದಾರಿಯಲ್ಲಿ ನಂಬರ್ ಹಲಗೆ ನೆಟ್ಟು, ಪ್ರತಿಯೊಂದರ ಹಿಂದೆ ಫೋಮಿನ ಪ್ರಾಣಿ ನಿಲ್ಲಿಸಿರುತ್ತಾರೆ. ಅಂಕ ಬರೆಯಲು ಸ್ವತಃ ಅಧ್ಯಕ್ಷರೇ ಜೊತೆಗಿದ್ದರು. ಬಾಣಗಳಿಗೆ ಬೇಟೆಯ ಅಗಲ ಮೊನೆ ಹಾಕಿದ್ದಾಳೆಂದು ಅವರು ಆಕ್ಷೇಪಿಸಿದಾಗ, "ನಿಮ್ಮ ಆಜ್ಞೆ ಬಿಲ್ಲಿನ ಬಗ್ಗೆ. ಬಾಣದ ಬಗ್ಗೆ ಒಂದಕ್ಷರ ಇದ್ರೆ ತೋರ್ಸು" ಅಂದಳು. ಇರಲಿಲ್ಲ.

ಹದಿನಾಲ್ಕನೇ ನಂಬರಿನ ಫೋಮಿನ ಜಿಂಕೆಯನ್ನು ಎದೆ ತೂತಾಗಿದೆಯೆಂದು ತೆಗೆದುಹಾಕಿದ್ದರು. ಆ ಜಾಗದಲ್ಲಿ ಹಲಗೆಯ ಹಿಂದೆ ಒಂದು ನಿಜವಾದ ಜಿಂಕೆ ನಿಂತು ಸೀಡರ್ ಎಲೆ ಮೆಲ್ಲುತ್ತಿತ್ತು.

"ಬೇಡ ಲೆಂಪಿ," ವಿಲ್ಬರ್ ಪಿಸುಗುಟ್ಟಿದರು. "ಅದು ಪ್ರಾಣಿ."

"ಗುರಿ ಅಂದ್ರೆ ಏನು ಅಂತ ಏಳನೇ ನಿಯಮ ಹೇಳುತ್ತಲ್ಲ?"

"ನಂಬರ್ ಹಲಗೆಯ ಹಿಂದೆ ನಿಂತದ್ದೆಲ್ಲ ಗುರಿ."

"ಬರೆದೋರು ಯಾರು?"

"ನಾನೇ," ಅಂದರು ವಿಲ್ಬರ್, ಸ್ವಲ್ಪ ಹೆಮ್ಮೆಯಿಂದಲೇ.

ಬಾಣ ಹೋಯಿತು. ಗುರಿ ನಲವತ್ತು ಹೆಜ್ಜೆ ಓಡಿ ಬಿತ್ತು.

ಆ ಸಂಜೆ ತುರ್ತು ಸಭೆ. ಮೊದಲ ವಿಷಯ: ಅಂಕ ಬರೆಯುವ ಮುನ್ನ ಗುರಿ ಸ್ಥಳ ಬಿಟ್ಟು ಓಡಿದರೆ ಅಂಕ ಕಳೆಯಬೇಕೆ? ಒಂದೂವರೆ ಗಂಟೆ ಚರ್ಚಿಸಿ, ತಪ್ಪು ಗುರಿಯದು, ಬಿಲ್ಲುಗಾರ್ತಿಯದಲ್ಲ ಎಂದು ಹತ್ತು ಅಂಕ ಕೊಡಲಾಯಿತು. ಎರಡನೆಯ ವಿಷಯ ಬಂದಾಗ ಎಲ್ಲರೂ ಕುರ್ಚಿ ಮುಂದಕ್ಕೆಳೆದುಕೊಂಡರು.

"ಗುರಿಗಳೆಲ್ಲ ಸಂಘದ ಆಸ್ತಿ," ಅಂದರು ವಿಲ್ಬರ್. "ಆದ್ದರಿಂದ ಇದು ಸಂಘದ ಶೀತಲ ಉಗ್ರಾಣಕ್ಕೆ ಹೋಗತಕ್ಕದ್ದು."

"ಅದೆಲ್ಲಿದೆ?" ಯಾರೋ ಕೇಳಿದರು.

"ಸದ್ಯಕ್ಕೆ ನಮ್ಮನೇಲಿ."

ಲೆಂಪಿ ಎದ್ದು ನಿಂತಳು. "ಒಂಬತ್ತನೇ ನಿಯಮ ಓದು. ಗಟ್ಟಿಯಾಗಿ ಓದು, ಹಿಂದಿನೋರಿಗೂ ಕೇಳ್ಲಿ."

ವಿಲ್ಬರ್ ಓದಿದರು. ಗುರಿಯನ್ನು ರಿಪೇರಿಯಾಗದಷ್ಟು ಹಾಳು ಮಾಡಿದ ಸದಸ್ಯರು ಬದಲಿ ಗುರಿ ತಂದಿಟ್ಟು, ಹಾಳಾದದ್ದನ್ನು ತಾವೇ ಹೊತ್ತೊಯ್ಯತಕ್ಕದ್ದು. ಇದು ರಿಪೇರಿಯಾಗುತ್ತದೋ ಎಂದು ಇಬ್ಬರು ಸದಸ್ಯರು ಹೊರಗೆ ಹೋಗಿ ನೋಡಿ ಬಂದರು. ಆಗುವುದಿಲ್ಲ ಎಂದು ಸಹಿ ಹಾಕಿದರು.

ಮರುದಿನ ಲೆಂಪಿ ತನ್ನ ಅಂಗಳದ ಹೂಗಿಡಗಳ ನಡುವೆ ಅಲಂಕಾರಕ್ಕೆ ನಿಲ್ಲಿಸಿದ್ದ ಸಿಮೆಂಟಿನ ಜಿಂಕೆಯನ್ನು ಪಿಕಪ್ಪಿನಲ್ಲಿ ತಂದು ಹದಿನಾಲ್ಕನೇ ನಂಬರಿನಲ್ಲಿ ಇಳಿಸಿದಳು. ಬದಲಿ ಗುರಿ ಮೆತ್ತಗಿರಬೇಕೆಂದು ಎಲ್ಲೂ ಬರೆದಿರಲಿಲ್ಲ. ಮಾಂಸ ತುಂಬಿ, ಅವಳ ಫ್ರೀಜರಿನ ಮುಚ್ಚಳ ಈಗ ಅದರ ಮೇಲೆ ಕೂತರೆ ಮಾತ್ರ ಹಾಕಿಕೊಳ್ಳುತ್ತದೆ. ಪರಿಶೀಲನೆಗೆಂದು ಅಧ್ಯಕ್ಷರಿಗೆ ಎರಡು ಸಾಸೇಜ್ ಕಳಿಸಿದಳು. ಪರಿಶೀಲನೆ ಸಾಲದೆಂದು ಅವರು ಇನ್ನೆರಡು ಕೇಳಿದ್ದಾರೆ.

ಉಪಸಮಿತಿ ಅಂತಿಮ ವರದಿ ಕೊಟ್ಟಿದೆ: ಆ ವರ್ಷ ಸಂಘದ ಕಾಡಿನಲ್ಲಿ ಬೇಟೆಯ ಬಿಲ್ಲುಗಳಿಗೆ ಸಿಕ್ಕ ಜಿಂಕೆ ಸೊನ್ನೆ, ಗುರಿಯ ಬಿಲ್ಲಿಗೆ ಒಂದು, ಆದ್ದರಿಂದ ಬೇಟೆಗೆ ಗುರಿಯ ಬಿಲ್ಲೇ ಮೇಲು. ಸದಸ್ಯರೆಲ್ಲ ಉದ್ದನೆಯ ಕೆಂಪು ಬಿಲ್ಲು ಕೊಂಡಿದ್ದಾರೆ. ಹದಿನಾಲ್ಕರಲ್ಲಿ ಸಿಮೆಂಟಿಗೆ ಬಡಿದು ಬಾಣ ಮುರಿದರೆ ಹತ್ತು ಅಂಕ ಎಂದು ನಿಯಮವನ್ನೂ ತಿದ್ದಿದ್ದಾರೆ. ಭಾನುವಾರ ವಿಲ್ಬರ್ ಆರು ಮುರಿದು ಮೊದಲ ಸ್ಥಾನ ಪಡೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.