ಎರಡನೇ ಹಗ್ಗದ ಅತ್ಯಾ

ಯಾರ ಕೈಗೆ ಏನು ಬೇಕಾದರೂ ಕೊಡಿ, ನಮ್ಮ ಅತ್ಯಾನ ಕೈಗೆ ಮಾತ್ರ ಹಗ್ಗ ಕೊಡಬೇಡಿ! ಕೊಟ್ಟರೆ ಎಳೆಯುತ್ತಾಳೆ. ಎಳೆದ ಮೇಲೆ ಏನು ಬೀಳುತ್ತದೆ, ಯಾರು ಎದ್ದು ಓಡಿ ಬರುತ್ತಾರೆ ಎಂಬುದೆಲ್ಲ ಆಮೇಲಿನ ಮಾತು. ಲಂಡನ್ನಿನ ಅಂಚಿನಲ್ಲಿರುವ ಒಂದು ಪುಟ್ಟ ಹಳ್ಳಿ ಈ ಪಾಠವನ್ನು ಸ್ವಂತ ಅನುಭವದಿಂದ ಕಲಿತಿದೆ.

ಅತ್ಯಾ ಎಂದರೆ ನನ್ನ ಗಂಡನ ತಾಯಿ ಎಂದುಕೊಂಡೀರಿ. ಅವರ ಬಗ್ಗೆ ಬರೆಯುವಷ್ಟು ಧೈರ್ಯ ನನಗೆಲ್ಲಿಂದ ಬರಬೇಕು? ಈಕೆ ನನ್ನ ಅಪ್ಪನ ಅಕ್ಕ. ಧಾರವಾಡದ ಕಡೆಯ ಮಾತು, ಐದಡಿಗೂ ಕಡಿಮೆ ಎತ್ತರ, ಓದಿನಲ್ಲಿ ಡಾಕ್ಟರು. ಅದರಲ್ಲೂ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಈ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ಮಂದಿಯನ್ನು ಮಲಗಿಸಿದಳು. ನಿವೃತ್ತಿಯಾದ ಮೇಲೆ ಊರಿಗೆ ಊರನ್ನೇ ಎಬ್ಬಿಸುವ ಕೆಲಸ ಹಿಡಿದಳು! ಮದುವೆ ಯಾಕೆ ಆಗಲಿಲ್ಲ ಅತ್ಯಾ ಎಂದು ಕೇಳಿದರೆ, ಆವತ್ತು ಡ್ಯೂಟಿ ಇತ್ತು ಎನ್ನುತ್ತಾಳೆ. ಯಾವತ್ತು ಎಂದು ಮರುಪ್ರಶ್ನೆ ಹಾಕುವ ಗಂಡಸು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ಇಷ್ಟೆಲ್ಲ ಇದ್ದ ಅತ್ಯಾನಿಗೆ ಒಂದೇ ಒಂದು ಕೊರತೆ. ಊರಿಲ್ಲ. ನಗಬೇಡಿ, ಇದು ಸಣ್ಣ ಕೊರತೆಯಲ್ಲ. ನಮ್ಮವರು ಎಲ್ಲೇ ಎದುರಾಗಲಿ, ರೇನರ್ಸ್ ಲೇನಿನ ನಮ್ಮ ಮನೆಯ ಗಣಪತಿ ಹಬ್ಬದಲ್ಲಾಗಲಿ, ಸೌತ್‌ಹಾಲಿನ ತರಕಾರಿ ಅಂಗಡಿಯ ಬದನೆಕಾಯಿ ರಾಶಿಯ ಮುಂದಾಗಲಿ, ಕನ್ನಡ ಕಿವಿಗೆ ಬಿದ್ದರೆ ಮೊದಲ ಪ್ರಶ್ನೆ ಏನು? ನಿಮ್ಮೂರು ಯಾವುದು! ಅಜ್ಜ ರೈಲ್ವೆಯಲ್ಲಿದ್ದವರು. ಅತ್ಯಾ ಹುಟ್ಟಿದ್ದು ಗದಗಿನಲ್ಲಿ, ಹೆಜ್ಜೆ ಹಾಕಿದ್ದು ಹೊಸಪೇಟೆಯಲ್ಲಿ, ಅಕ್ಷರ ಕಲಿತದ್ದು ಗುಂತಕಲ್ಲಿನಲ್ಲಿ, ಮರೆತದ್ದು ಮೀರಜಿನಲ್ಲಿ. ಇಲ್ಲಿಗೆ ಬಂದ ಮೇಲೂ ಆಸ್ಪತ್ರೆಯಿಂದ ಆಸ್ಪತ್ರೆಗೆ, ಬಾಡಿಗೆ ಕೋಣೆಯಿಂದ ಫ್ಲ್ಯಾಟಿಗೆ, ಕಡೆಗೆ ಗ್ರೀನ್‌ಫರ್ಡಿನ ಗೋದಾಮುಗಳ ಹಿಂದಿನ ಒಂದು ಮನೆಗೆ. "ಎಲ್ಲಾರಿಗೂ ಒಂದು ಊರು ಅಂತ ಇರ್ತದ. ನನಗ ನೋಡು, ಬರೇ ಅಡ್ರೆಸ್ ಅದಾವ" ಎನ್ನುತ್ತಿದ್ದಳು. ಹೇಳುವಾಗ ನಗುತ್ತಿದ್ದಳು, ಕೇಳುವಾಗ ನನಗೆ ನಗು ಬರುತ್ತಿರಲಿಲ್ಲ.

ಹಾಗಾಗಿ ನಿವೃತ್ತಿಯಾದ ವರ್ಷ ಅತ್ಯಾ ಒಂದು ಊರನ್ನೇ ಹುಡುಕಿಕೊಂಡಳು. ಟ್ಯೂಬ್ ಲೈನು ಮುಗಿಯುವಲ್ಲಿ ಇಳಿದು, ತಾಸಿಗೊಂದು ಬರುವ ಬಸ್ಸು ಹತ್ತಿದರೆ ಸಿಗುವ ಊರು. ಕಸದ ಲಾರಿಯ ಮೇಲೆ ಲಂಡನ್ನಿನ ಕೌನ್ಸಿಲ್ಲಿನ ಹೆಸರೇ ಇದೆ. ಆದರೆ ಲಂಡನ್ನಿಗೆ ಆ ಊರಿನ ನೆನಪಿದ್ದಂತಿಲ್ಲ. ಒಂದು ಕೊಳ, ಅದರಲ್ಲಿ ಬಾತುಕೋಳಿ. ಒಂದು ಪಬ್ಬು, ಅದರಲ್ಲಿ ಊರಿನ ಗಂಡಸರು. ಗುಡ್ಡದ ಏರಿನ ಮೇಲೆ ಚೌಕ ಗೋಪುರದ ಹಳೇ ಚರ್ಚು. ಸುತ್ತ ಮುಳ್ಳಿನ ಬೇಲಿ ಹಾಕಿದ ಹೊಲಗಳು, ಮೈಮೇಲೆ ಕೋಟು ಹೊದ್ದುಕೊಂಡು ಮೇಯುವ ಕುದುರೆಗಳು. ಮೇ ತಿಂಗಳಲ್ಲಿ ಗುಡ್ಡಕ್ಕೆ ಗುಡ್ಡವೇ ಸಾಸಿವೆಯ ಹಳದಿಯಾಗುತ್ತದೆ. ನವೆಂಬರಿನಲ್ಲಿ ಮಂಜು ಕವಿದರೆ ಕೈಯಲ್ಲಿನ ಚಹಾದ ಕಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಕೊತ್ತಂಬರಿ ಬೇಕಾದರೆ ಎರಡು ಬಸ್ಸು ಬದಲಿಸಬೇಕು. ನಾವೆಲ್ಲ ಬೇಡ ಬೇಡ ಎಂದೆವು. ಅತ್ಯಾ ಮನೆ ಕೊಂಡು, ಹಾಲುಕ್ಕಿಸಿ, ಆಮೇಲೆ ನಮ್ಮ ಅಭಿಪ್ರಾಯ ಕೇಳಿದಳು.

ಊರು ಸೇರಿದ ಮೇಲೆ ಊರಿನವರ ಹಾಗೆ ಇರಬೇಡವೇ? ಎದುರಿಗೆ ಬಂದವರನ್ನೆಲ್ಲ ಅತ್ಯಾ ಇಂಗ್ಲಿಷಿನಲ್ಲಿ ಊಟ ಆಯಿತೇ ಎಂದು ಕೇಳತೊಡಗಿದಳು. ನಮ್ಮಲ್ಲಿ ಅದಕ್ಕೆ ಉತ್ತರ ಆಯ್ತು, ನಿಮ್ಮದು ಎಂಬುದೇ ತಾನೆ? ಹೊಟ್ಟೆ ಖಾಲಿಯಿದ್ದರೂ ಆಯ್ತು ಎನ್ನುವುದೇ ಮರ್ಯಾದೆ. ಇಂಗ್ಲಿಷರಿಗೆ ಈ ಮರ್ಯಾದೆ ಯಾರು ಕಲಿಸಿದ್ದಾರೆ? ನಾಯಿ ಹಿಡಿದು ಹೊರಟಿದ್ದ ಮುದುಕರೊಬ್ಬರು ಇಲ್ಲ, ಇನ್ನೂ ಆಗಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿ, ಅಲ್ಲೇ ನಿಂತುಬಿಟ್ಟರು. ಅತ್ಯಾ ಒಳಗೆ ಕರೆದು ಉಪ್ಪಿಟ್ಟು ಮಾಡಿಕೊಟ್ಟಳು. ಮರುದಿನ ಅವರು ಅದೇ ಹೊತ್ತಿಗೆ ಅದೇ ಗೇಟಿನ ಮುಂದೆ ಹಾಜರು. ಅದರ ಮರುದಿನ ತಮ್ಮ ತಂಗಿಯನ್ನೂ ಕರೆತಂದರು!

ಇನ್ನು ಕಾಲುದಾರಿಯ ವಿಚಾರ. ಈ ದೇಶದಲ್ಲಿ ಬೇರೆಯವರ ಹೊಲದ ನಟ್ಟನಡುವೆಯೂ ಸಾರ್ವಜನಿಕರಿಗೆ ನಡೆಯುವ ಹಕ್ಕಿನ ದಾರಿಗಳಿವೆ. ಬೋರ್ಡು ಕೂಡ ನೆಟ್ಟಿರುತ್ತಾರೆ. ಅತ್ಯಾ ಒಪ್ಪಲಿಲ್ಲ. ಮಂದಿ ಹೊಲದೊಳಗೆ ಹೇಳದೆ ಕೇಳದೆ ಕಾಲಿಡುವುದುಂಟೇ? ವಾಯುವಿಹಾರಕ್ಕೆ ಹೊರಟಾಗೆಲ್ಲ ಮೊದಲು ರೈತನ ಮನೆಯ ಬಾಗಿಲು ಬಡಿದು, ನಿಮ್ಮ ಹೊಲದಲ್ಲಿ ಹಾದು ಹೋಗಲೇ ಎಂದು ಅಪ್ಪಣೆ ಕೇಳುತ್ತಿದ್ದಳು. ಪಾಪ, ಆತ ಹಾಲು ಕರೆಯುವುದು ಬಿಟ್ಟು, ಬೂಟಿನ ಕೆಸರು ಕೆರೆದು, ಬಾಗಿಲಿಗೆ ಬಂದು ದಯವಿಟ್ಟು ಹೋಗಿ ಎನ್ನಬೇಕು. ತಿಂಗಳಾದ ಮೇಲೆ ಆತನೇ ಅತ್ಯಾನ ಮನೆಗೆ ಬಂದು, ನೀವು ಕೇಳದೆ ನಡೆದರೆ ನನಗೆ ದೊಡ್ಡ ಉಪಕಾರವಾಗುತ್ತದೆ ಎಂದ. ಕೈಮುಗಿಯುವುದೊಂದು ಬಾಕಿ.

ಈಗ ಹಗ್ಗಕ್ಕೆ ಬರೋಣ. ಒಂದು ಮಧ್ಯಾಹ್ನ ಚರ್ಚಿನ ಬಾಗಿಲು ತೆರೆದಿತ್ತು. ಊರಿನ ಗುಡಿ ನೋಡದಿದ್ದರೆ ಊರು ಸೇರಿದ ಹಾಗೆ ಹೇಗಾದೀತು ಎಂದು ಅತ್ಯಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ನಡೆದಳು. ಗೋಪುರದ ಬುಡದಲ್ಲಿ ಆರು ಹಗ್ಗ ಇಳಿಬಿದ್ದಿದ್ದವು. ಮೇಲೆ ಆರು ಗಂಟೆ. ಗುಡಿಯೊಳಗೆ ಹೋಗಿ ಗಂಟೆ ಬಾರಿಸದೆ ಬಂದವಳು ನಮ್ಮ ವಂಶದಲ್ಲಿ ಯಾವಳಿದ್ದಾಳೆ? ಬಂದೀನಪಾ ಎಂದು ದೇವರಿಗೆ ತಿಳಿಸಬೇಡವೇ? ಅತ್ಯಾ ಕೈಗೆಟುಕಿದ ಹಗ್ಗ ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಎಳೆದಳು.

ಢಣ್!

ಪಬ್ಬು ಖಾಲಿಯಾಯಿತು. ಬಾತುಕೋಳಿಗಳು ಕೊಳ ಬಿಟ್ಟು ಹಾರಿದವು. ರೈತ ಟ್ರ್ಯಾಕ್ಟರು ನಿಲ್ಲಿಸಿ ಎಲ್ಲಿ ಬೆಂಕಿ ಎಂದು ಓಡಿಬಂದ. ಎಲ್ಲರಿಗಿಂತ ಮೊದಲು ಬಂದವನು ಗಂಟೆ ತಂಡದ ಯಜಮಾನ. ಎಪ್ಪತ್ತರ ಮೇಲಾದ, ಟಪಾಲಿನ ಕೆಲಸದಿಂದ ನಿವೃತ್ತನಾದ ಉದ್ದನೆಯ ಮುದುಕ. ಹಗ್ಗ ಸವೆದಿವೆಯೇ ಎಂದು ನೋಡಲು ಇಳಿಬಿಟ್ಟು ಚಹಾ ಕುಡಿಯಲು ಹೋಗಿದ್ದವನು. ಒಳಗೆ ನೋಡಿದರೆ ಬರಿಗಾಲಿನ ಕುಳ್ಳ ಹೆಂಗಸೊಬ್ಬಳು ಕೈಮುಗಿದು ನಿಂತಿದ್ದಾಳೆ! ಬೈಯಬೇಕಿತ್ತಲ್ಲವೇ? ಆತ ಅತ್ಯಾನ ತೋಳು ನೋಡಿ, ಬುಧವಾರ ಸಂಜೆ ಬಿಡುವಿದೆಯೇ ಎಂದು ಕೇಳಿದನಂತೆ. ಎರಡು ಸಾವಿರನೇ ಇಸವಿ ಹತ್ತಿರ ಬಂದಿತ್ತು. ಹೊಸ ವರ್ಷಕ್ಕೆ ಗಂಟೆ ಬಾರಿಸುವ ಕೈಗಳನ್ನು ಊರೂರಿನವರೂ ಹುಡುಕುತ್ತಿದ್ದರು. ಈ ಊರಲ್ಲಿ ಗಂಟೆ ಆರು, ಮಂದಿ ಐದು.

ಇಂಗ್ಲಿಷರ ಗಂಟೆ ಬಾರಿಸುವುದು ನಮ್ಮ ಹಾಗೆ ಮನಸ್ಸು ಬಂದಷ್ಟು ಬಡಿಯುವ ವಿದ್ಯೆಯಲ್ಲ. ಒಬ್ಬೊಬ್ಬರಿಗೆ ಒಂದೊಂದು ಹಗ್ಗ. ಒಂದರ ಹಿಂದೆ ಒಂದು, ಸಾಲು ತಪ್ಪದೆ ಬಾರಿಸಬೇಕು. ಗಂಟೆ ಮೇಲೆ ಪೂರಾ ಸುತ್ತು ತಿರುಗುತ್ತದೆ. ಎಳೆದ ಮೇಲೆ ಸರಿಯಾದ ಹೊತ್ತಿಗೆ ಕೈ ಬಿಡಬೇಕು, ಇಲ್ಲದಿದ್ದರೆ ಹಗ್ಗ ನಮ್ಮನ್ನೂ ಮೇಲಕ್ಕೆ ಒಯ್ಯುತ್ತದೆ. ಹಿಡಿದದ್ದನ್ನು ಬಿಡುವುದು ಅತ್ಯಾನ ಜಾಯಮಾನವೇ? ಮೊದಲ ಪಾಠದಲ್ಲಿ ಯಜಮಾನ ಬಿಡಿ ಬಿಡಿ ಎಂದು ಕೂಗುತ್ತಿದ್ದಂತೆ ಅತ್ಯಾ ಹಗ್ಗದ ಸಮೇತ ಮೇಲಕ್ಕೆ ಹೋದಳು. ಐದೂ ಜನ ಸೇರಿ ಕಾಲು ಹಿಡಿದು ಇಳಿಸಿಕೊಂಡರು. "ಎಳೀಲಿಕ್ಕೆ ಎಲ್ಲಾರಿಗೂ ಬರ್ತದ. ಬಿಡೂದ ಖರೇ ವಿದ್ಯಾ" ಎಂದು ಆ ವಾರ ಫೋನಿನಲ್ಲಿ ನನಗೆ ತತ್ವ ಹೇಳಿದಳು. ಸೀರೆ ಬಿಟ್ಟು ಚೂಡಿದಾರ ತೊಟ್ಟಳು. ಎತ್ತರ ಸಾಲದೆಂದು ಯಜಮಾನ ಮರದ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟ. ಅದರ ಮೇಲೆ ನಿಂತು ಎರಡನೇ ಹಗ್ಗ ಹಿಡಿದಳು. ಹೊಸ ಸಾವಿರ ವರ್ಷಕ್ಕೆ ಆ ಊರು ಆರೂ ಗಂಟೆ ಬಾರಿಸಿ ಸ್ವಾಗತ ಹೇಳಿತು. ಆರರಲ್ಲಿ ಒಂದು ನಮ್ಮ ಅತ್ಯಾ!

ಸುದ್ದಿ ರೇನರ್ಸ್ ಲೇನಿಗೆ ಬರಲು ಎಷ್ಟು ಹೊತ್ತು ಬೇಕು? ನಿಮ್ಮತ್ತೆ ಜಾತಿ ಬಿಟ್ಟರಂತೆ ಎಂದು ನಮ್ಮ ಮನೆ ಫೋನು ಬಡಿದುಕೊಳ್ಳತೊಡಗಿತು. ಗಣಪತಿ ಹಬ್ಬಕ್ಕೆ ಬಂದ ಅತ್ಯಾನನ್ನು ಒಬ್ಬರು ಮುಖದ ಮೇಲೆಯೇ ಕೇಳಿದರು. ಅತ್ಯಾ ಕಡುಬು ಮುರಿಯುತ್ತ, "ಗಂಟಿಗೆ ಎಲ್ಲೀ ಮಡಿ-ಮೈಲಿಗಿರೀ? ಬಡದರ ಬಾರಸ್ತದ, ಅಷ್ಟ" ಎಂದಳು. ಕೇಳಿದವರು ಇನ್ನೊಂದು ಕಡುಬು ಹಾಕಿಸಿಕೊಂಡರು.

ಹೀಗೆ ಏಳೆಂಟು ವರ್ಷ ನಡೆಯಿತು. ಮದುವೆಗೆ ಗಂಟೆ, ಸಾವಿಗೆ ಗಂಟೆ, ಭಾನುವಾರಕ್ಕೆ ಗಂಟೆ. ಒಂದು ಭಾನುವಾರವೂ ಅತ್ಯಾ ನಮ್ಮ ಮನೆಗೆ ಊಟಕ್ಕೆ ಸಿಗಲಿಲ್ಲ. ಆದರೂ ಊರಿನವರು ಆಕೆಯನ್ನು ಹೊಸಬರಿಗೆ ಪರಿಚಯಿಸುವಾಗ ನಮ್ಮ ಇಂಡಿಯನ್ ಡಾಕ್ಟರು ಎಂದೇ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಅನುಮಾನವಿಲ್ಲ. ಅತ್ಯಾನಿಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈ ಊರಿನವಳಾಗಲು ಎಷ್ಟು ವರ್ಷ ಬೇಕು ಎಂದು ಯಜಮಾನನನ್ನು ಕೇಳಿದಳಂತೆ. ಆತ ಯೋಚಿಸಿ, ಮೂರು ತಲೆಮಾರು ಎಂದನಂತೆ. "ನನಗ ಅಷ್ಟು ಟೈಮ್ ಇಲ್ಲ" ಎಂದು ಬಂದಳು.

ಆ ಚಳಿಗಾಲ ನೆಲವೆಲ್ಲ ಹಿಮಗಟ್ಟಿದ್ದ ಒಂದು ಬೆಳಿಗ್ಗೆ, ಅದೇ ಕಾಲುದಾರಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಹತ್ತರಿಂದ ಹಿಂದಕ್ಕೆ ಎಣಿಸಿ ಎಂದ ಅರಿವಳಿಕೆಯ ಹುಡುಗನಿಗೆ, ಮೊದಲು ನೀನು ಮಾಸ್ಕು ಸರಿಯಾಗಿ ಹಿಡಿ ಎಂದು ಪಾಠ ಮಾಡಿದಳಂತೆ! ಪಾಠ ಮುಗಿಯುವ ಮೊದಲೇ ನಿದ್ದೆ ಬಂತಂತೆ. ಅದೊಂದು ಅಪಮಾನ ಆಕೆಗೆ ಇವತ್ತಿಗೂ ಇದೆ.

ಆಸ್ಪತ್ರೆಯಿಂದ ಹಳ್ಳಿಯ ಮನೆಗೆ ಕರೆತಂದು ನಾನೂ ಒಂದು ವಾರ ಉಳಿದೆ. ಇನ್ನು ಇಲ್ಲಿ ಒಬ್ಬಳೇ ಹೇಗಿರುತ್ತಿ, ನಮ್ಮಲ್ಲಿಗೆ ಬಾ, ಕೆಳಗಿನ ಕೋಣೆ ಖಾಲಿ ಮಾಡಿದ್ದೇನೆ, ಜಿಪಿ ಡಾಕ್ಟರು ಎದುರಿಗೇ ಇದ್ದಾರೆ, ಕೊತ್ತಂಬರಿ ಮೂಲೆಯ ಅಂಗಡಿಯಲ್ಲೇ ಸಿಗುತ್ತದೆ ಎಂದೆ. ಜಗಳಕ್ಕೆ ತಯಾರಾಗಿಯೇ ಹೇಳಿದ್ದೆ. ಅತ್ಯಾ ಜಗಳವಾಡಲಿಲ್ಲ. ಕಿಟಕಿಯಾಚೆಯ ಗೋಪುರದ ಕಡೆ ಬೆರಳು ಮಾಡಿದಳು.

"ಈ ಐತವಾರ ನೋಡೋಣ. ಪಕ್ಕದೂರಿನವರನ್ನ ಕರ್ಸಿ ಆರೂ ಗಂಟಿ ಬಾರಿಸಿದರ, ನನ್ನ ಜಾಗಾ ತುಂಬ್ತು ಅಂತ ಅರ್ಥ. ನಿನ್ನ ಜೋಡಿ ಬರ್ತೀನಿ."

"ಐದೇ ಬಾರಿಸಿದರೆ?"

"ನಾ ಇಲ್ಲದನೂ ನಡೀತದ ಅಂತ ಅರ್ಥ. ಆವಾಗೂ ಬರ್ತೀನಿ."

ಆರು ಬಾರಿಸಿದರೂ ಸೋಲು, ಐದು ಬಾರಿಸಿದರೂ ಸೋಲು! ಇದೆಂಥ ಪಂದ್ಯ? ಹಾಗಾದರೆ ನೀನು ಗೆಲ್ಲುವುದು ಹೇಗೆ ಎಂದು ಕೇಳಿದೆ. ಗೆಲ್ಲುವ ಮಾತು ಬಿಡು ಎಂದು ಗೋಡೆಯ ಕಡೆ ತಿರುಗಿದಳು. ಅತ್ಯಾ ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೂ ಶನಿವಾರ ಸೂಟ್‌ಕೇಸಿಗೆ ಆಕೆಯ ಬಟ್ಟೆ ತುಂಬಿದೆ.

ಭಾನುವಾರ ಬೆಳಿಗ್ಗೆ ಕಿಟಕಿ ತೆರೆಯಲು ಹೇಳಿದಳು. ಹೊರಗೆ ಕೊರೆಯುವ ಚಳಿ. ಹೊದಿಕೆ ಎಳೆದು ಹೊದಿಸಿ ಪಕ್ಕದಲ್ಲಿ ಕೂತೆ. ಮೊದಲನೇ ಗಂಟೆ ಬಾರಿಸಿತು. ಆಮೇಲೆ ಏನೂ ಇಲ್ಲ. ಸ್ವಲ್ಪ ತಡೆದು ಮೂರನೆಯದು, ನಾಲ್ಕು, ಐದು, ಆರು. ಯಾರೋ ತಪ್ಪಿದರು ಎಂದುಕೊಂಡೆ. ಮತ್ತೆ ಮೊದಲನೆಯದು. ಮತ್ತೆ ಏನೂ ಇಲ್ಲ. ಮತ್ತೆ ಮೂರು, ನಾಲ್ಕು, ಐದು, ಆರು. ಮೂರನೇ ಸಲವೂ ಹಾಗೆಯೇ. ಆಗ ನನಗೆ ತಿಳಿಯಿತು. ಐದು ಜನರೂ ಎರಡನೇ ಹಗ್ಗವನ್ನು ಹಾಗೇ ಬಿಟ್ಟು, ಅದರ ಹೊತ್ತು ಬಂದಾಗ ಕಾಯ್ದು, ಆಮೇಲೆ ಬಾರಿಸುತ್ತಿದ್ದರು. ಆ ಖಾಲಿ ಜಾಗಕ್ಕೆ ಯಾರನ್ನೂ ಕರೆದಿರಲಿಲ್ಲ, ಅದನ್ನು ಮುಚ್ಚಿಯೂ ಇರಲಿಲ್ಲ.

ಅತ್ಯಾನ ಎರಡು ಕೈಗಳು ಹೊದಿಕೆಯ ಮೇಲೆ ಬಂದಿದ್ದವು. ಪ್ರತಿ ಸಲ ಆ ಖಾಲಿ ಹೊತ್ತಿಗೆ ಸರಿಯಾಗಿ ಕೆಳಗಿಳಿದು, ಸರಿಯಾಗಿ ಬಿಡುತ್ತಿದ್ದವು. ಮೂಳೆ ಮುರಿದಾಗ ಅಳದವಳ ಕೆನ್ನೆ ತೊಯ್ದಿತ್ತು. ನಾನೂ ಅತ್ತುಬಿಟ್ಟೆ. ಗಂಟೆ ನಿಂತ ಮೇಲೆ ಅತ್ಯಾ ಹೊದಿಕೆಯ ಅಂಚಿನಿಂದ ಮುಖ ಒರೆಸಿಕೊಂಡು, ಮೂಲೆಯಲ್ಲಿದ್ದ ಸೂಟ್‌ಕೇಸಿನ ಕಡೆ ನೋಡಿದಳು.

"ಅದರಾಗಿನ ಅರಬಿ ತಗದು ಕಪಾಟಿನ್ಯಾಗ ಇಡು, ಹುಡುಗಿ. ನನ್ನ ಊರು ಬಿಟ್ಟು ನಾ ಎಲ್ಲಿಗೆ ಬರ್ಲಿ?"