ನಮ್ಮ ಮನೆಯ ರೊಟ್ಟಿಗೆ ಉಚಿತವೆಂದು ಹೆಸರಿಟ್ಟ ನಿಯಮದವರಿಗೆ

ಮಮದಾಪುರ, ಬಬಲೇಶ್ವರ ತಾಲ್ಲೂಕು

ಸರ್ಕಾರಿ ನೌಕರರ ಪ್ರವಾಸ ಭತ್ಯೆ ಮತ್ತು ದಿನಭತ್ಯೆ ನಿಯಮಾವಳಿಯೊಳಗೆ ಕಾಯಂ ವಾಸವಾಗಿರುವ, 'ಪ್ರವಾಸದಲ್ಲಿ ಉಚಿತ ಊಟ ದೊರೆತರೆ ಅರ್ಧ ದಿನಭತ್ಯೆ' ಎಂಬ ನಿಯಮದವರ ಸನ್ನಿಧಾನಕ್ಕೆ.

ಮಾನ್ಯರೇ,

ಮಮದಾಪುರದ ದೊಡ್ಡ ಕೆರೆಯ ದಂಡೆಯ ಮೇಲೆ ಬೇವಿನ ಗಿಡದ ನೆರಳಿಗೆ ಕುಳಿತು, ಊರ ಸಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದ, ಅಕ್ಷರ ಮುತ್ತಿನಂತಿವೆಯೆಂದು ಮಾಸ್ತರರಿಂದ ಎರಡು ಸಲ ಹೇಳಿಸಿಕೊಂಡ ಭಾಗಪ್ಪನೆಂಬ ನಾನು, ತಮಗೆ ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ಕೈ ಜೋಡಿಸಲು ಪೆನ್ನು ಕೆಳಗಿಡಬೇಕಾಯಿತು, ಅದನ್ನು ಮೇಕೆಯೊಂದು ಮೂಸಿ ನೋಡಿ ಹೋಯಿತು. ಪತ್ರ ತಡವಾಗಲು ಇಷ್ಟೇ ಕಾರಣ, ಬೇರೆ ಅಗೌರವವಿಲ್ಲ.

ತಮ್ಮ ಕೀರ್ತಿ ನಮ್ಮ ಕಡೆಗೆ ಸ್ವಲ್ಪ ನಿಧಾನವಾಗಿ ಬಂದಿತು. ದೊಡ್ಡ ಸಾಹೇಬರ ಜೀಪನ್ನು ನಾನು ಕೈ ಅಡ್ಡ ಹಿಡಿದು ನಿಲ್ಲಿಸಿದ್ದುಂಟು, ಮಂತ್ರಿಯೊಬ್ಬರ ಮಾಲೆಯ ತುದಿ ಹಿಡಿದುಕೊಂಡು ಫೋಟೋದಲ್ಲಿ ಅರ್ಧ ಬಂದದ್ದೂ ಉಂಟು. ಆದರೆ ಅವರಾರೂ ನಮ್ಮ ಹೊಸ್ತಿಲು ದಾಟದೆಯೇ ಒಲೆಯ ಮೇಲಿನ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು ಹೋದವರಲ್ಲ. ಆ ಶಕ್ತಿ ತಮಗೊಬ್ಬರಿಗೇ ಇದೆ. ಅದನ್ನು ಹೊಗಳಲೆಂದೇ ಈ ಪತ್ರ. ನಡುವೆ ಎಲ್ಲಾದರೂ ದೂರಿನಂತೆ ಕೇಳಿಸಿದರೆ ಅದು ಪೆನ್ನಿನ ದೋಷವೆಂದು ತಿಳಿಯಬೇಕು.

ನನ್ನ ತಂಗಿಯ ಮಗಳು ವಿಶಾಖಾ ವಿಜಯಪುರದ ಒಂದು ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದಾಳೆ. ಕಚೇರಿಯ ಹೆಸರು ಬರೆಯುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳಾದ್ದರಿಂದ ಬರೆಯುವುದಿಲ್ಲ. ಸೊಲ್ಲಾಪುರ ರಸ್ತೆಯ ಚಹಾದಂಗಡಿಯವರನ್ನು ಕೇಳಿದರೆ ತೋರಿಸುತ್ತಾರೆ. ಹಳೆಯ ಕೆರೆಗಳ ನೀರೆಷ್ಟು, ಹೂಳೆಷ್ಟು ಎಂದು ಅಳೆಯುವುದು ಅವಳ ಕೆಲಸ. ಅವಳಿಗೆ ಲೆಕ್ಕ ಕಲಿಸಿದವನು ನಾನೇ, ಮಗ್ಗಿ ಮುಗಿಯುವವರೆಗೆ. ಅಲ್ಲಿಂದ ಮುಂದಿನ ಚಿಲ್ಲರೆ ಕೆಲಸವನ್ನು ಎಂಜಿನಿಯರಿಂಗ್ ಕಾಲೇಜಿನವರು ನೋಡಿಕೊಂಡರು.

ನಾವು ಫಿರತಿ ಎನ್ನುವ, ತಾವು ಪ್ರವಾಸ ಎನ್ನುವ ಕೆಲಸದ ಮೇಲೆ ಅವಳು ತಿಕೋಟಾ ಕಡೆಗೆ ಹೋದರೆ ಅಲ್ಲಿಯ ಖಾನಾವಳಿಯಲ್ಲಿ ಉಂಡು ಪೂರ್ತಿ ದಿನಭತ್ಯೆ ಪಡೆಯುತ್ತಾಳೆ, ತಾವೂ ಸಂತೋಷದಿಂದಿರುತ್ತೀರಿ. ನಮ್ಮ ಕೆರೆ ಅಳೆಯಲು ಬಂದಾಗ ಮಾತ್ರ ಅವಳು ಒಂದು ಅಪರಾಧ ಮಾಡಿದಳು, ಮಾಮನ ಮನೆಯಲ್ಲಿ ಉಂಡಳು. ಇದರಲ್ಲಿ ಅವಳ ತಪ್ಪಿಲ್ಲ. ನಮ್ಮೂರಲ್ಲಿ ಬಂದವರ ಮುಂದೆ ಮೊದಲು ತಾಟು ಇಟ್ಟು, ಆಮೇಲೆ ಯಾವಾಗ ಬಂದಿರೆಂದು ಕೇಳುತ್ತೇವೆ. ನನ್ನ ಹೆಂಡತಿ ಚಂದ್ರಾಬಾಯಿ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಆ ತಾಟಿನ ಶೋಭೆ ಜಗತ್ತಿಗೆ ಗೊತ್ತಾಗದೆ ಹೋದರೆ ಅನ್ಯಾಯವೆಂದು ನಾನು ಫೋಟೋ ತೆಗೆದು, 'ಸರ್ಕಾರ ನಮ್ಮನ್ಯಾಗ ಉಣ್ಣಾಕ ಕುಂತೈತಿ ನೋಡ್ರಿ' ಎಂದು ಕೆಳಗೆ ಬರೆದು ವಾಟ್ಸಾಪಿಗೆ ಹಾಕಿದೆ. ಫೋಟೋ ಬಹಳ ಚೆನ್ನಾಗಿ ಬಂದಿತ್ತು. ವಿಶಾಖಾ ವಿಜಯಪುರ ಮುಟ್ಟುವ ಮೊದಲೇ ಅದು ಅವಳ ಕಚೇರಿಯ ಲೆಕ್ಕಪತ್ರ ವಿಭಾಗವನ್ನು ಮುಟ್ಟಿತ್ತು.

ಅಲ್ಲಿಯವರು ನಿಯಮದವರಾದ ತಮ್ಮನ್ನು ಸ್ಮರಿಸಿದರು. ಊಟ ಉಚಿತ, ಭತ್ಯೆ ಅರ್ಧ.

ಮಾನ್ಯರೇ, ಅರ್ಧ ಹೋದದ್ದಕ್ಕೆ ನಾನು ಅಳುವವನಲ್ಲ. ಆದರೆ ಮುಂದಿನ ಸಲ ಕೆರೆ ಅಳೆಯಲು ಬಂದ ವಿಶಾಖಾ ಮನೆಯ ಕಡೆ ಹೊರಳಲಿಲ್ಲ; ವಿಜಯಪುರದಿಂದ ತಂದ ಡಬ್ಬಿ ಬಿಚ್ಚಿ ಇದೇ ಬೇವಿನ ಗಿಡದ ಬುಡದಲ್ಲಿ ಕುಳಿತು ಉಂಡಳು. ಕುರಿ ಹೊಡೆದುಕೊಂಡು ಹೊರಟಿದ್ದ ಮಾಳು ಅದನ್ನು ಕಂಡು ನಮ್ಮ ಅಂಗಳಕ್ಕೇ ಬಂದು, "ಏನೋ ಭಾಗಪ್ಪ, ತಂಗಿ ಮಗಳು ಗಿಡದ ಬುಡಕ ಉಣ್ಣಾಕತ್ತಾಳ, ನಿಮ್ಮನ್ಯಾಗ ಒಲಿ ಹೊತ್ತಿಲ್ಲೇನು" ಎಂದ. ಅಂಗಳದಲ್ಲಿದ್ದ ನಾಲ್ಕು ಜನ ತಲೆಯೆತ್ತಿ ನಮ್ಮ ಮಾಡಿನ ಮೇಲೆ ಹೊಗೆ ಹುಡುಕಿದರು. ಚಂದ್ರಾಬಾಯಿ ದಂಡೆಗೆ ಹೋಗಿ, "ಯಾಕವ್ವಾ, ನನ್ನ ರೊಟ್ಟಿ ಕಹಿ ಆತೇನು" ಎಂದು ಕೇಳಿದಳು. "ಹಂಗಲ್ಲ ಅತ್ತಿ, ಉಂಡು ಉಂಡಿಲ್ಲ ಅಂತ ಸುಳ್ಳ ಬರಿಯಾಕ ನನಗ ಬರಂಗಿಲ್ಲ. ಉಂಡೇನಿ ಅಂತ ಬರದ್ರ ನೀವು ಮಾಡಿದ್ದಕ್ಕ ಪುಕ್ಕಟೆ ಅಂತಾರ, ಅದು ನನಗ ಸೇರಂಗಿಲ್ಲ" ಎಂದಳು ವಿಶಾಖಾ. ಸಾಲೆಯ ರಜೆಯಲ್ಲೆಲ್ಲ ಅವಳನ್ನು ಸಾಕಿದವಳು ಚಂದ್ರಾಬಾಯಿ. ಮನೆಗೆ ಬಂದು ಅಂದು ತಾನೂ ಉಣ್ಣಲಿಲ್ಲ. ಆ ದಿನದ ರೊಟ್ಟಿಗಳನ್ನು ಎಮ್ಮೆಗೆ ಹಾಕಿದೆವು; ಎಮ್ಮೆಗೆ ದಿನಭತ್ಯೆ ಇಲ್ಲದಿರುವುದರಿಂದ ತಮ್ಮ ಆಕ್ಷೇಪ ಬರಲಿಲ್ಲ.

ಬುದ್ಧಿ ಓಡಿಸುವುದರಲ್ಲಿ ನನ್ನನ್ನು ಮೀರಿಸುವವರು ಬಬಲೇಶ್ವರದ ಈಚೆಗೆ ಯಾರೂ ಇಲ್ಲ. ಊಟ ಉಚಿತವಾದರೆ ತಾನೇ ತಂಟೆ ಎಂದು, 'ಭಾಗಪ್ಪನವರ ಖಾನಾವಳಿ' ಎಂಬ ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕಿದೆ. ಚಂದ್ರಾಬಾಯಿ ಅದನ್ನು ಕೆಳಗಿಳಿಸಿ, "ಮನಿ ಮಗಳ ಕಡೆ ರೊಕ್ಕ ಇಸ್ಕೊಂಡು ರೊಟ್ಟಿ ಕೊಡೂದಾದ್ರ ನೀವ ಬಡೀರಿ" ಎಂದು ಹಿಟ್ಟಿನ ಪರಾತ ನನ್ನ ಮುಂದೆ ಸರಿಸಿದಳು. ಬೋರ್ಡು ಈಗ ಕೋಳಿಗೂಡಿನ ಮೇಲೆ ಮುಚ್ಚಳವಾಗಿದೆ, ಕೋಳಿಗಳು ಖಾನಾವಳಿಯಲ್ಲಿ ವಾಸ್ತವ್ಯ ಮಾಡಿವೆ.

ಕೊನೆಗೆ ನಾನು, ಮಾಮನ ಮನೆಯ ಊಟವನ್ನು ಉಚಿತವೆನ್ನಬಾರದೆಂದು ಕಚೇರಿಗೆ ಅರ್ಜಿ ಬರೆದೆ. ಅದನ್ನು ಓದಿ, ಸ್ಥಳ ಪರಿಶೀಲನೆಗೆಂದು ಲೆಕ್ಕಪತ್ರ ವಿಭಾಗದ ಅಮಸಿದ್ದ ಸಾಹೇಬರೇ ಬಂದರು, ಅದೂ ಸರಿಯಾಗಿ ಊಟದ ಹೊತ್ತಿಗೆ. ಒಲ್ಲೆ ಎಂದರು, ಸಾಕು ಎಂದರು, ಇನ್ನರ್ಧ ಹಾಕಿರಿ ಎಂದರು. ಉಣ್ಣುವವರಿಗೆ ಬೇಸರವಾಗಬಾರದೆಂದು ನಾನು ಎದುರು ಕುಳಿತು ಎರಡು ಮಾತಾಡಿದೆ. ಬಬಲೇಶ್ವರದಿಂದ ವಿಜಯಪುರದವರೆಗೆ ಬಸ್ಸಿನೊಡನೆ ಪಂದ್ಯ ಕಟ್ಟಿ ಸೈಕಲ್ ಹೊಡೆದು, ಬಸ್ಸು ಬರುವಷ್ಟರಲ್ಲಿ ಚಹಾ ಕುಡಿದು, ಕಂಡಕ್ಟರನಿಗೂ ಒಂದು ಕಪ್ಪು ಹೇಳಿಟ್ಟಿದ್ದನ್ನು ತಿಳಿಸಿದೆ. ನಮ್ಮ ಕೆರೆಯಲ್ಲಿ ನಾನು ಹಿಡಿದ ಮೀನನ್ನು ಮೇಲಕ್ಕೆಳೆದಾಗ ನೀರು ಒಂದು ಗೇಣು ಇಳಿದದ್ದನ್ನೂ, ಆ ಗೇಣನ್ನು ವಿಶಾಖಾ ಇಂದಿಗೂ ತನ್ನ ಅಳತೆಯಲ್ಲಿ ಹಿಡಿಯದಿರುವುದನ್ನೂ ತಿಳಿಸಿದೆ. ಸಾಹೇಬರು ಕೈ ತೊಳೆದರು. ನಾನು ತಂಬಿಗೆ ಹಿಡಿದುಕೊಂಡೇ ಮುಂದುವರಿಸಿದೆ. ಬಸ್ಸು ಬಂದಿತು, ನಾನು ಬಸ್ಸಿನ ಕಿಟಕಿಯವರೆಗೂ ಮುಂದುವರಿಸಿದೆ.

ಅವರ ವರದಿಯನ್ನು ವಿಶಾಖಾ ಫೋನಿನಲ್ಲಿ ಓದಿ ಹೇಳಿದಳು. 'ಸದರಿ ಮನೆಯಲ್ಲಿ ಊಟ ಮಾಡುವವರು ಊಟ ಮುಗಿಯುವವರೆಗೂ, ಮುಗಿದ ಮೇಲೂ ಸದರಿ ಭಾಗಪ್ಪನವರ ಮಾತುಗಳನ್ನು ಕಡ್ಡಾಯವಾಗಿ ಕೇಳಬೇಕಾಗಿರುವುದರಿಂದ, ಸದರಿ ಊಟವನ್ನು ಉಚಿತವೆಂದು ಪರಿಗಣಿಸಲು ಬರುವುದಿಲ್ಲ. ಪೂರ್ತಿ ಭತ್ಯೆ ನೀಡಬಹುದು.'

ಚಂದ್ರಾಬಾಯಿ ನಕ್ಕು ನಕ್ಕು ಒಲೆಯ ಮುಂದೆ ಕುಳಿತುಬಿಟ್ಟಳು. ನನಗೆ ಸಿಟ್ಟು ಬಂದಿತು. ಇಡೀ ಊರು ಬೇಡಿ ಕೇಳುವ ನನ್ನ ಮಾತು ಒಂದು ಖರ್ಚಿನ ಬಾಬತ್ತೆಂದು ಸರ್ಕಾರ ಬರೆದ ಮೇಲೆ, ಇನ್ನು ಊಟದ ಹೊತ್ತಿಗೆ ತುಟಿ ಬಿಚ್ಚುವುದಿಲ್ಲವೆಂದು ಶಪಥ ಮಾಡಿದೆ. ಮುಂದಿನ ಫಿರತಿಗೆ ವಿಶಾಖಾ ಮನೆಗೇ ಬಂದಳು. ತಾಟು ಬಂದಿತು. ನಾನು ಗೋಡೆ ನೋಡುತ್ತ ಕುಳಿತೆ. ಅವಳು ತುತ್ತನ್ನು ಕೈಯಲ್ಲೇ ಹಿಡಿದು, "ಮಾಮಾ, ಏನರೆ ಮಾತಾಡ್ರಿ. ನೀವು ಸುಮ್ಮ ಕುಂತ್ರ ಊಟ ಪುಕ್ಕಟೆ ಆಗತೈತಿ" ಎಂದಳು. "ಇಷ್ಟು ವರ್ಷ ಬಾಯಿ ಮುಚ್ರಿ ಅಂದ್ರ ಮುಚ್ಚಲಿಲ್ಲ, ಈಗ ತಗೀರಿ ಅಂದ್ರ ತಗಿಯವಲ್ರಿ" ಎಂದಳು ಚಂದ್ರಾಬಾಯಿ. ರೊಟ್ಟಿ ಆರುತ್ತಿತ್ತು. ಮಗಳು ಉಪವಾಸ ಏಳುವುದಕ್ಕಿಂತ ಶಪಥ ಮುರಿಯುವುದು ಮೇಲೆಂದು ಮೀನಿನಿಂದಲೇ ಸುರು ಮಾಡಿದೆ. ಅವಳು ಉಂಡಳು, ಕೇಳಿ ಹಾಕಿಸಿಕೊಂಡು ಉಂಡಳು. ಮಾಳು ಬೇಲಿಯಾಚೆ ನಿಂತು ನೋಡುತ್ತಿದ್ದುದರಿಂದ ನಾನು ಧ್ವನಿಯನ್ನು ಇನ್ನೂ ಸ್ವಲ್ಪ ಏರಿಸಿದೆ.

ಆದಕಾರಣ ತಮ್ಮಲ್ಲಿ ವಿನಂತಿ. ಸರ್ಕಾರಿ ಭತ್ಯೆಯೊಂದು ಈಗ ನನ್ನ ನಾಲಗೆಯ ಮೇಲೆ ನಿಂತಿರುವುದರಿಂದ, ನನ್ನ ಮಾತನ್ನೂ ಪ್ರವಾಸವೆಂದು ಪರಿಗಣಿಸಬೇಕು. ನನ್ನ ಒಂದೊಂದು ಕಥೆ ಮಮದಾಪುರದಿಂದ ಹೊರಟು ಕಾಖಂಡಕಿ ದಾಟಿ, ವಿಜಯಪುರದಲ್ಲಿ ಬಸ್ಸು ಬದಲಿಸಿ, ಸೊಲ್ಲಾಪುರ ಮುಟ್ಟಿ, ರೊಟ್ಟಿ ಆರುವುದರೊಳಗೆ ಕೇಂದ್ರಸ್ಥಾನಕ್ಕೆ ಮರಳುತ್ತದೆ. ಇಷ್ಟು ದೂರ ಹೋಗಿ ಬಂದದ್ದಕ್ಕೆ ಯಾವ ದರ ಅನ್ವಯವಾಗುತ್ತದೆಂದು ತಿಳಿಸಬೇಕು. ತಮಗೆ ಸಂಶಯವಿದ್ದರೆ ತಾವೇ ಪುಸ್ತಕದಿಂದೆದ್ದು ಒಂದು ದಿನದ ಫಿರತಿಗೆ ಬನ್ನಿ. ತಾಟು ಇಡುತ್ತೇವೆ, ಚಂದ್ರಾಬಾಯಿ ತಮಗೂ ಬಿಸಿಯದನ್ನೇ ಹಾಕುತ್ತಾಳೆ. ತಾವು ಪೂರ್ತಿ ಉಣ್ಣುತ್ತೀರೋ ಅರ್ಧ ಉಣ್ಣುತ್ತೀರೋ ಎಂಬುದನ್ನು ನಾನು ಎದುರಿಗೆ ಕುಳಿತು ನೋಡುತ್ತೇನೆ, ಸುಮ್ಮನಂತೂ ಕುಳಿತಿರುವುದಿಲ್ಲ.

ತಮ್ಮ ವಿಶ್ವಾಸಿ,
ಭಾಗಪ್ಪ
ಮಮದಾಪುರದ ಕೆರೆ ದಂಡೆ

ತಾ.ಕ.: ಅಮಸಿದ್ದ ಸಾಹೇಬರು ಕಳೆದ ವಾರ ಮರುಪರಿಶೀಲನೆಗೆಂದು ಮತ್ತೆ ಊಟದ ಹೊತ್ತಿಗೇ ಬಂದಿದ್ದರು. ಈ ಸಲ ಎರಡೂ ಕಿವಿಗೆ ಮೊಬೈಲಿನ ವೈರು ಸಿಕ್ಕಿಸಿಕೊಂಡು, ನನ್ನ ಕಡೆ ತಲೆ ಅಲ್ಲಾಡಿಸುತ್ತ, ಒಂದು ಮಾತನ್ನೂ ಕೇಳದೆ ಹೊಟ್ಟೆ ತುಂಬ ಉಂಡು ಹೋದರು. ಅವರೇ ಬರೆದ ವರದಿಯ ಪ್ರಕಾರ ಆ ಊಟ ಸಂಪೂರ್ಣ ಉಚಿತ. ಅವರ ದಿನಭತ್ಯೆಯನ್ನು ದಯವಿಟ್ಟು ಅರ್ಧ ಮಾಡಬೇಕು. ಸಾಕ್ಷಿಗೆ ಫೋಟೋ ಇದೆ, ಇದೂ ಬಹಳ ಚೆನ್ನಾಗಿ ಬಂದಿದೆ. ಬೆಳಗಿನಿಂದ ವಾಟ್ಸಾಪಿನಲ್ಲಿ ಓಡಾಡುತ್ತಿದೆ.