ಸುಣ್ಣದ ಗೆರೆಯ ಎಕ್ಸ್‌ಟೆನ್ಷನ್

ಎಲ್ಲ ರಾದ್ಧಾಂತಕ್ಕೂ ಮೂಲ ಎರಡೇ ಎರಡಡಿ ಜಾಗ. ಮೂವತ್ತೇಳನೇ ಇಸವಿಯ ಬೇಸಿಗೆಯಲ್ಲಿ, ಮಾಲೂರಿನಿಂದ ಕೋಲಾರಕ್ಕೆ ಹೋಗುವ ದಾರಿಯ ಒಂದು ಪುಟ್ಟ ಊರಲ್ಲಿ, ಗೋಡೆಗೆ ಸುಣ್ಣ ಬಳಿದು ಹೊಟ್ಟೆ ಹೊರೆಯುತ್ತಿದ್ದ ಲತೀಫ್ ಅದನ್ನು ಕದ್ದ. ಕದ್ದ ಅನ್ನುವುದು ದೊಡ್ಡ ಮಾತಾಯಿತು, ಪಾಪ, ಆಸೆಪಟ್ಟ.

ಪ್ಲೇಗು ಬಂದುಹೋದ ಮೇಲೆ, ಇಕ್ಕಟ್ಟಿನ ಬೀದಿಗಳ ಜನರಿಗಾಗಿ ಊರಾಚೆ ಕೆರೆಯ ಪಕ್ಕ ಒಂದು ಎಕ್ಸ್‌ಟೆನ್ಷನ್ ಮಾಡಬೇಕೆಂದು ಪುರಸಭೆಯಲ್ಲಿ ಠರಾವಾಗಿತ್ತು. ಬೆಂಗಳೂರಿನಿಂದ ನಕ್ಷೆ ಬಂತು. ಕಚೇರಿಗೆ ಸುಣ್ಣ ಬಳಿಯುತ್ತಿದ್ದ ಲತೀಫ್ ಅದನ್ನು ನೋಡಿ ನಿಂತವನು ನಿಂತೇಬಿಟ್ಟ. ನೀಲಿ ಕಾಗದ, ಅದರ ಮೇಲೆ ಬಿಳಿ ಗೆರೆ. ಹನ್ನೆರಡು ಸೈಟು, ಒಂದು ರಸ್ತೆ, ಚರಂಡಿ, ಕೊನೆಗೆ ನೆಡಬೇಕಾದ ಹೊಂಗೆ ಮರಗಳಿಗೂ ಒಂದೊಂದು ಸೊನ್ನೆ. ಕುಂಚದ ಸುಣ್ಣ ಗಡ್ಡಕ್ಕೆ ತೊಟ್ಟಿಕ್ಕಿದ್ದೂ ಅವನಿಗೆ ತಿಳಿಯಲಿಲ್ಲ.

"ಇನ್ನೂ ಹುಟ್ಟದೇ ಇರೋ ಬೀದೀನ ಬರೆದಿಟ್ಟವ್ರಲ್ಲಾ ಸ್ವಾಮಿ! ಇವರು ಮನುಷ್ಯರೇನಾ?" ಎಂದು ಗುಮಾಸ್ತ ಚಂದ್ರಶೇಖರಯ್ಯನವರನ್ನು ಕೇಳಿದ.

"ಇಂಜಿನಿಯರು ಕಣಯ್ಯ" ಎಂದರು ಗುಮಾಸ್ತರು, ಅದು ಬೇರೆಯೇ ಜಾತಿಯ ಜೀವಿ ಎಂಬಂತೆ.

ಆ ಕಾಗದ ಪುರಸಭೆಯ ಸದಸ್ಯರಲ್ಲಿ ಒಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಅದಕ್ಕೆ ಒಂದು ಉಪಾಯವಿತ್ತು. ನಕ್ಷೆಯಲ್ಲಿದ್ದದ್ದನ್ನೆಲ್ಲ ನೆಲದ ಮೇಲೆ ಅಷ್ಟೇ ಅಳತೆಗೆ ಸುಣ್ಣದಲ್ಲಿ ಎಳೆಯುವುದು. ಕೋಲಾರದಿಂದ ದೊಡ್ಡ ಸಾಹೇಬರು ಬಂದು, ಕಾಗದ ಕೈಲಿ ಹಿಡಿದು ಗೆರೆಗಳ ನಡುವೆ ನಡೆದು, ಎಲ್ಲ ಸರಿಯಿದ್ದರೆ ರುಜು ಹಾಕುವುದು. ರುಜು ಬಿದ್ದರೆ ಪಟ್ಟಿಯಲ್ಲಿದ್ದ ಹನ್ನೆರಡು ಜನರಿಗೆ ಸೈಟು. ಒಂದನೇ ನಂಬರು ಲತೀಫನದು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಸಂಸಾರ ಅವನದು. ಮಗ್ಗುಲಾಗಬೇಕಾದರೆ ಎಂಟೂ ಜನ ಒಟ್ಟಿಗೆ ಆಗಬೇಕು.

ಗೆರೆ ಎಳೆಯುವ ಕೆಲಸ ಸಿಕ್ಕಿದ್ದೂ ಅವನಿಗೇ. ಸಾಹೇಬರು ಬರುವ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಗೂಟ ನೆಟ್ಟು, ಹಗ್ಗ ಕಟ್ಟಿ, ಹನ್ನೆರಡು ಸೈಟನ್ನೂ ಅಚ್ಚುಕಟ್ಟಾಗಿ ಎಳೆದು ಮುಗಿಸಿದ. ಆಮೇಲೆ ಹೆಂಡತಿ ತಾಜುನ್ನೀಸಾ ಬಂದು ಒಂದನೇ ನಂಬರಿನೊಳಗೆ ನಿಂತಳು.

"ಯಾ ಅಲ್ಲಾ! ಇಷ್ಟೂ ನಮ್ದೇನಾ?" ಎಂದು ಕಣ್ಣರಳಿಸಿದಳು. ಆಮೇಲೆ ಮೆಲ್ಲಗೆ, "ಅಡಿಗೆಮನೆ ಪಕ್ಕ ಎರಡಡಿ ಇದ್ದಿದ್ರೆ ಅಮ್ಮಾಜಾನ್ ಮಂಚ ಹಿಡೀತಿತ್ತು ರೀ" ಎಂದಳು.

ಲತೀಫ್ ಅತ್ತಿತ್ತ ನೋಡಿದ. ಯಾರೂ ಇರಲಿಲ್ಲ. ಗೂಟ ಕಿತ್ತು ಎರಡಡಿ ಆಚೆ ನೆಟ್ಟ. ಹಳೇ ಗೆರೆಯನ್ನು ಕಾಲಲ್ಲಿ ಒರೆಸಿ ಹೊಸದು ಎಳೆದ. ಅಷ್ಟೇ ಅವನು ಮಾಡಿದ್ದು.

ಎಂಟು ಗಂಟೆ ಹೊತ್ತಿಗೆ ಸೈಟಿನವರೆಲ್ಲ ಸಂಸಾರಸಮೇತ ಬಂದರು. ಆ ವೈಭವ ಏನು ಹೇಳೋಣ! ಬರೀ ಗೆರೆ, ಆದರೂ ಎಲ್ಲರೂ ಬಾಗಿಲು ಬರಬೇಕಾದ ಕಡೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಎರಡನೇ ನಂಬರಿನ ಕೋದಂಡರಾಮಪ್ಪನವರ ಹೆಂಡತಿ ಕೃಷ್ಣಮ್ಮ, ಗೋಡೆ ದಾಟಬಾರದೆಂದು ಹಿತ್ತಿಲಿಗೆ ಬೀದಿ ಸುತ್ತಿಕೊಂಡು ಹೋದರು. "ಬನ್ನಿ, ಒಳಗೆ ಬನ್ನಿ" ಎಂದು ಒಬ್ಬರು ಇನ್ನೊಬ್ಬರನ್ನು ಕರೆದು ಬಯಲಲ್ಲಿ ಕೂರಿಸಿದರು. ಯಾರೂ ಜೋರಾಗಿ ಮಾತಾಡಲಿಲ್ಲ. ಅದನ್ನೆಲ್ಲ ಎಳೆದವನು ತಾನು ಎಂದು ನೆನೆದು ಲತೀಫ್ ಅಂಗಿಯ ಸುಣ್ಣ ಕೊಡವಿಕೊಂಡು ನೆಟ್ಟಗೆ ನಿಂತ.

ಅಷ್ಟರಲ್ಲಿ ಕೋದಂಡರಾಮಪ್ಪ ಹೆಜ್ಜೆ ಹಾಕಿ ತಮ್ಮ ಸೈಟು ಅಳೆದರು. ಎರಡಡಿ ಕಡಿಮೆ! ತಮ್ಮ ಆಚೆಯ ಗೂಟವನ್ನು ಕಿತ್ತು ನಾಲ್ಕಡಿ ಮುಂದಕ್ಕೆ ನೆಟ್ಟು, ಗೆರೆಯನ್ನೂ ಅಲ್ಲಿಗೇ ಸರಿಸಿದರು. ಹೋದ ಎರಡು ಬಂತು, ಮೇಲೆ ಎರಡು ಬಡ್ಡಿ. ಮೂರನೆಯವರು ನೋಡಿದರು, ಆರಡಿ ಸರಿಸಿದರು. ನಾಲ್ಕನೆಯವರು ಎಂಟು. ಒಬ್ಬರೂ ಹಿಂದಿನವರ ಜೊತೆ ಜಗಳವಾಡಲಿಲ್ಲ, ಎಲ್ಲರೂ ಮರ್ಯಾದಸ್ಥರು. ಹೀಗೆ ಇಡೀ ಸಾಲು, ನಿಧಾನವಾಗಿ, ಗೌರವದಿಂದ, ಕೆರೆಯ ಕಡೆಗೆ ಹೊರಟಿತು.

ಮಧ್ಯಾಹ್ನ ಕೆರೆಯ ಕಡೆಯಿಂದ ಬೊಬ್ಬೆ ಕೇಳಿತು. ಹನ್ನೆರಡನೇ ನಂಬರಿನ ಗಂಗುಲಪ್ಪ, ರಾಯಲ್ಪಾಡಿನ ಕಡೆಯ ತೆಲುಗು ಮಾತಿನವನು, ಮೊಣಕಾಲುದ್ದ ನೀರಲ್ಲಿ ಗೂಟ ಹಿಡಿದು ನಿಂತಿದ್ದ.

"ಅಯ್ಯೋ ದೇವುಡಾ! ನನ್ ಅಡಿಗೆಮನೆ ಕೆರೇಲೈತೆ! ನಾನೇನು ಮೀನಾ? ಯಾವನ್ಲಾ ಗೆರೆ ಎಳ್ದೋನು?"

ಎಲ್ಲರ ಕಣ್ಣೂ ಲತೀಫನ ಮೇಲೆ ಬಿತ್ತು. ಗುಮಾಸ್ತರು ನಕ್ಷೆ ಹಿಡಿದು ಓಡಿಬಂದರು, ಒಂದೊಂದೇ ಸೈಟು ಅಳೆಯುತ್ತಾ ಹೋದ ಹಾಗೆ ಬಿಳಿಚಿಕೊಂಡರು.

"ನಕ್ಷೆಗೂ ಗೆರೆಗೂ ತಾಳೆಯಿಲ್ಲ ಕಣ್ರಯ್ಯಾ! ಸಾಹೇಬರು ನೋಡಿದ್ರೆ ಹರಿದು ಬಿಸಾಕ್ತಾರೆ. ಹನ್ನೆರಡು ಜನಕ್ಕೂ ಸೈಟು ಖೋತಾ!"

"ಬೇಗ ಬೇರೆ ಎಳೆದುಬಿಡ್ತೀನಿ ಸ್ವಾಮಿ" ಎಂದ ಲತೀಫ್.

"ಎಲ್ಲಯ್ಯಾ ಟೈಮು? ಮೋಟಾರು ಮೂರು ಗಂಟೆಗೆ ಬರುತ್ತೆ. ವಕ್ರ ಗೆರೆಗಿಂತ ಗೆರೆ ಇಲ್ಲದಿರೋದೇ ವಾಸಿ. ಗೂಟ ಕಿತ್ತು ಎಲ್ಲ ಒರೆಸಿ! ಸಾಹೇಬರು ಜಾಗ ಇದ್ದ ಹಾಗೇ ನೋಡ್ಲಿ ಅಂತ ಬಿಟ್ಟಿದ್ದೀವಿ ಅಂತೀನಿ."

ಹನ್ನೆರಡು ಸಂಸಾರ ಒಟ್ಟಿಗೆ ಕಾಲು ಎಳೆಯುತ್ತಾ ತಂತಮ್ಮ ಮನೆ ಒರೆಸಿದವು. ತಾಜುನ್ನೀಸಾ ಅಡಿಗೆಮನೆಯನ್ನು ಸೆರಗಿನಿಂದ ಒರೆಸಿದಳು. ಲತೀಫ್ ಅದನ್ನು ನೋಡಲಾರದೆ ಕೆರೆಯ ಕಡೆ ತಿರುಗಿದ.

ಮೋಟಾರು ಬಂತು. ಸಾಹೇಬರು ಒಳ್ಳೆಯ ಮನುಷ್ಯರು. ಅದೇ ಬಂದ ಕೇಡು. ಇಳಿದವರು ಸುತ್ತ ನೋಡಿದರು. ಚೊಕ್ಕಟವಾದ ಬಯಲು, ತಂಪು ಗಾಳಿ, ನೀರು, ಊರಿಗೆ ಊರೇ ಅಲ್ಲಲ್ಲಿ ಗುಂಪಾಗಿ ನಿಂತಿದೆ. ಗುಮಾಸ್ತರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಕೊನೆಗೆ ಎದುರಿಗಿದ್ದ ಲತೀಫನನ್ನು ಕೇಳಿದರು.

"ನೀವು ಹೇಳಿ ಸಾಹೇಬ್ರೇ. ಈ ಜಾಗ ನಿಮಗೆ ಯಾಕೆ ಬೇಕು?"

ಜನ್ಮದಲ್ಲಿ ಅವನನ್ನು 'ಸಾಹೇಬ್ರೇ' ಎಂದು ಕರೆದ ಮೊದಲ ಅಧಿಕಾರಿ. ಲತೀಫನ ಎದೆ ಉಬ್ಬಿತು. ಇದೇ ಸಮಯ, ತಾನು ಮಾಡಿದ ತಪ್ಪನ್ನು ತಾನೇ ತೊಳೆಯಬೇಕು ಎಂದುಕೊಂಡ.

"ಹುಜೂರ್, ನಾವು ಎಂಟು ಜನ ಒಂದು ಕೋಣೇಲಿ ಇರೋದು. ಇವತ್ತು ಬೆಳಗ್ಗೆ ಇಲ್ಲಿ ನಿಂತ್ಕೊಂಡೆ ನೋಡಿ, ಆಸ್ಮಾನ್ ಇಷ್ಟು ದೊಡ್ಡದು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಈ ಗಾಳಿ ಎದೆ ಒಳಗೆ ಹೋದ್ರೆ ಕಾಯಿಲೆ ಹತ್ರ ಬರಾಕಿಲ್ಲ. ನೋಡಿ, ಯಾರೂ ಜಗಳ ಆಡ್ತಿಲ್ಲ, ಜೋರಾಗಿ ಮಾತಾಡ್ತಿಲ್ಲ. ಮಸೀದೀಲಿ ನಿಂತಂಗೆ ನಿಂತವ್ರೆ. ಈ ಭಾಗ್ಯ ನಮ್ಮ ಊರಿನ ಪ್ರತಿ ಮಗೂಗೂ ಸಿಗ್ಬೇಕು ಹುಜೂರ್!"

ಜನ ಬೆರಗಾದರು. ಸುಣ್ಣದ ಲತೀಫನ ಬಾಯಲ್ಲಿ ಇಂಥ ಮಾತು! ಕೋದಂಡರಾಮಪ್ಪ ಚಪ್ಪಾಳೆ ತಟ್ಟಿದರು. ಗಂಗುಲಪ್ಪ ಒದ್ದೆ ಪಂಚೆಯಲ್ಲೇ ಕೈಮುಗಿದ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಕ್ಷೆಯನ್ನು ಮೋಟಾರಿನ ಮೇಲೆ ಹರಡಿ, ಪೆನ್ನು ತೆರೆದು ಬರೆದರು. ರುಜುವೂ ಬಿತ್ತು. ಲತೀಫ್ ಕಣ್ಣುಮುಚ್ಚಿ ಅಲ್ಲಾನನ್ನು ನೆನೆದ.

"ಹನ್ನೆರಡು ಸಂಸಾರಕ್ಕೆ ಮಾತ್ರ ಕೊಟ್ಟುಬಿಡೋದರಲ್ಲಿದ್ದೆ" ಎಂದರು ಸಾಹೇಬರು, ಲತೀಫನ ಕೈ ಹಿಡಿದುಕೊಂಡು. "ನೀವು ಕಣ್ಣು ತೆರೆಸಿದಿರಿ. ಪ್ರತಿ ಮಗುವಿಗೂ ಸಿಗಬೇಕು ಅಂದಿರಲ್ಲ, ನಿಜ. ಇಲ್ಲಿ ಯಾರೂ ಮನೆ ಕಟ್ಟಕೂಡದು, ಇದು ಇಡೀ ಊರಿಗೆ ಮೈದಾನವಾಗಿರಲಿ ಅಂತ ಬರೆದಿದ್ದೇನೆ."

ಮೋಟಾರು ಹೊರಟುಹೋಯಿತು. ಚಪ್ಪಾಳೆ ತಟ್ಟಿದ್ದ ಕೋದಂಡರಾಮಪ್ಪ ಎರಡೂ ಅಂಗೈಯನ್ನು ನೋಡಿಕೊಳ್ಳುತ್ತಾ ನಿಂತರು. ಗಂಗುಲಪ್ಪ ಲತೀಫನನ್ನೇ ದಿಟ್ಟಿಸಿ ನೋಡಿ, ಬೈಯಲು ಬಾಯಿ ತೆರೆದು, ಸೂಕ್ತ ಪದ ಕನ್ನಡದಲ್ಲೂ ತೆಲುಗಿನಲ್ಲೂ ಸಿಗದೆ ಮುಚ್ಚಿದ.

ತಾಜುನ್ನೀಸಾ ಊರಿನ ಕಡೆ ಹೆಜ್ಜೆ ಹಾಕಿದಳು. ಲತೀಫ್ ಹತ್ತು ಮಾರು ಹಿಂದೆ, ತಲೆ ತಗ್ಗಿಸಿಕೊಂಡು ನಡೆದ. ಓಣಿಯ ಬಾಯಿಗೆ ಬಂದಾಗ ಅವಳು ನಿಂತು ತಿರುಗಿದಳು.

"ರೀ, ಇನ್ನು ಮುಂದೆ ಯಾವ ಸಾಹೇಬ್ರು ಏನು ಕೇಳಿದ್ರೂ, 'ನಂಗೆ ಕನ್ನಡ ಬರಾಕಿಲ್ಲ' ಅಂದ್ಬಿಡಿ."